ಮಣ್ಣುಂಡೆ ಹೊತ್ತವನ ಹೆಸರೇನು?

ಹಳೇ ಕಾಗದ, ಹಳೇ ಫೋಟೋ ಉಳಿಸಿಬಿಟ್ಟರೆ ಊರಿನ ಇತಿಹಾಸ ಉಳೀತು ಅಂತ ತಿಳಿದವರು ಬಹಳ ಮಂದಿ. ಯಾರ ಊರು? ಯಾರು ಬರೆದ ಇತಿಹಾಸ? ಇದನ್ನು ಕೇಳಿಕೊಳ್ಳದೆ ಪೆಟ್ಟಿಗೆಗೆ ಬೀಗ ಹಾಕಿ ಕಾಯೋದು ಬರೀ ಪೂಜಾರಿಕೆ.

1873ರಲ್ಲಿ ಮುಂಬಯಿಯ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಜೆ.ಎಸ್.ಎಫ್. ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ಹಾಸನ ಸೀಮೆಯ ಪದ್ಧತಿಗಳ ಬಗ್ಗೆ ಬರೆದ. ಎರಡು ಊರುಗಳ ನಡುವೆ ಗಡಿ ಜಗಳ ಎದ್ದರೆ ಹೊಲಗೇರಿಯ ಕುಳವಾಡಿಯ ಮಾತೇ ಕೊನೆ. ಎರಡೂ ಊರಿನ ಕುಳವಾಡಿಗಳು ಒಪ್ಪಿದರೆ ಉಳಿದವರು ತುಟಿ ಬಿಚ್ಚುವಂತಿಲ್ಲ. ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆ ಮೇಲೆ ಹೊತ್ತು ಅವನು ಗಡಿ ನಡೀಬೇಕು. ಹೆಜ್ಜೆ ತಪ್ಪಿದರೆ ಉಂಡೆ ಒಡೆಯುತ್ತದೆ, 15 ದಿನದೊಳಗೆ ಅವನು ಸಾಯುತ್ತಾನೆ, ಮನೆ ಹಾಳುಬೀಳುತ್ತದೆ ಎಂಬುದು ಜನರ ನಂಬಿಕೆ.

ಇದನ್ನು ಓದಿ ನಮಗೂ ಅಧಿಕಾರ ಇತ್ತು ಅಂತ ಹಿಗ್ಗುವವರು ಸ್ವಲ್ಪ ತಾಳಬೇಕು. ಜಗಳ ಎರಡು ಊರಿನದು, ಸಾವಿನ ಭಯ ಮಾತ್ರ ಅವನೊಬ್ಬನದು. ಊರಿನ ಗಡಿಯನ್ನು ಅಂಗುಲ ಅಂಗುಲ ಬಲ್ಲವನ ಗುಡಿಸಲು ಊರ ಬೇಲಿಯ ಆಚೆ!

ಅದೇ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ಹೊಲಗೇರಿಯೊಳಗೆ ಬ್ರಾಹ್ಮಣ ಕಾಲಿಟ್ಟರೆ ಕೇರಿಯವರೆಲ್ಲ ಎದ್ದು ಬಂದು ಚಪ್ಪಲಿಯಲ್ಲಿ ಹೊಡೆದು ಅಟ್ಟುತ್ತಿದ್ದರಂತೆ. ಬೇರೆ ಜಾತಿಯವನು ಮನೆಯೊಳಗೆ ಬಂದರೆ ಅದು ಮನೆಗೆ ಕೇಡು. ಅವನ ಬಟ್ಟೆ ಹರಿದು, ಮೂಲೆಗೆ ಉಪ್ಪು ಕಟ್ಟಿ ಹೊರಗೆ ಕಳಿಸುತ್ತಿದ್ದರಂತೆ. ಮೆಕೆಂಜಿಗೆ ಇದೊಂದು ವಿಚಿತ್ರ ಪದ್ಧತಿ. 1948ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಇದನ್ನೇ ಸಾಕ್ಷಿಗೆ ಕರೆದರು: ದೂರ ಇಡುವುದು ಒಂದೇ ಕಡೆಯಿಂದ ನಡೆದಿಲ್ಲ, ಬ್ರಾಹ್ಮಣರ ಮೇಲೆ ಅಸ್ಪೃಶ್ಯರಿಗೂ ಹಗೆಯಿತ್ತು, ಅದರ ಬೇರನ್ನು ಇತಿಹಾಸದಲ್ಲಿ ಹುಡುಕಬೇಕು ಎಂದರು. ಅಚ್ಚಾದ ಅಕ್ಷರ ಅದೇ. ಓದಿದ ಕಣ್ಣು ಬೇರೆ.

ಆದರೆ ಆ ಅಚ್ಚಿನಲ್ಲಿ ಎಲ್ಲ ಇದ್ದೂ ಒಬ್ಬ ಕುಳವಾಡಿಯ ಹೆಸರೂ ಇಲ್ಲ. ಫೋಟೋಗಳ ಕಥೆಯೂ ಇಷ್ಟೇ. 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಎಂಟು ಸಂಪುಟ ತಂದಿತು. ನೂರಾರು ಮುಖಗಳು. ಬಹುಪಾಲು ಮುಖಗಳ ಕೆಳಗೆ ಇರುವುದು ಜಾತಿ, ಬುಡಕಟ್ಟಿನ ಹೆಸರು. ಮಹಾರಾಜರ ಫೋಟೋಗೆ ಹೆಸರೂ ಉಂಟು, ಬಿರುದೂ ಉಂಟು. ದುಡಿಯುವವನಿಗೆ ಜಾತಿಯೊಂದೇ ವಿಳಾಸ.

ಹಾಗಂತ ಈ ಕಾಗದಗಳನ್ನು ಸುಡಬೇಕೆ? ಬೇಡ. ಉಳಿಸಲೇಬೇಕು. ಆ ಕಾಲದ ಫೋಟೋಗಳಲ್ಲಿ ಹೆಚ್ಚಿನವು ಮೊಟ್ಟೆಯ ಲೋಳೆ ಸವರಿದ ಕಾಗದದ ಮೇಲೆ ಬೆಳ್ಳಿಯಿಂದ ಮೂಡಿದವು. ಬಿಸಿಲಿಗೆ, ತೇವಕ್ಕೆ ಹಳದಿಯಾಗಿ ಮಾಸುತ್ತವೆ. ಮರದ ತಿರುಳಿನ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ. ನೆರಳಲ್ಲಿಡಿ, ಅಂಟು ಹಚ್ಚಬೇಡಿ, ಗುರುತು ಬರೆಯೋದಿದ್ದರೆ ಹಿಂಬದಿಗೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ.

ಅಲ್ಲಿಗೆ ಅರ್ಧ ಕೆಲಸ. ಉಳಿದರ್ಧ ಕೇರಿಯಲ್ಲಿದೆ. ಹಳ್ಳಿ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಇಂಥ ಬರಹದ ಪ್ರತಿ ತೆಗೆದು ಕೇರಿಗೆ ಒಯ್ಯೋಣ. ಕಟ್ಟೆ ಮೇಲೆ ಕೂತು ಕನ್ನಡದಲ್ಲಿ ಓದಿ ಹೇಳೋಣ. ಸುಳ್ಳಿದ್ದರೆ ಮುದುಕರು ಬೈದು ತಿದ್ದಲಿ. ಮಣ್ಣುಂಡೆ ಹೊತ್ತವನ ವಂಶದ ಮಕ್ಕಳು ನಮ್ಮ ಶಾಲೆಗಳಲ್ಲೇ ಕೂತಿರಬಹುದು. ಅವರ ಅಜ್ಜಿಗೆ ಅವನ ಹೆಸರು ನೆನಪಿದ್ದರೆ ಇವತ್ತೇ ಬರೆದುಕೊಳ್ಳೋಣ. ಕಾಗದ ಇನ್ನೂ ನಾಲ್ಕು ದಿನ ತಡೆದೀತು, ಅಜ್ಜಿ ತಡೆಯುವುದಿಲ್ಲ.