ವಲಸೆಗಾರನ ಪತ್ರ ಮತ್ತು ಚರ್ಚಿನ ವಹಿ: ಜರ್ಮನ್ ವಂಶಶೋಧನೆಯ ಒಂದು ವಿಮರ್ಶೆ

1820ರಿಂದ 1914ರ ವರೆಗೆ ಐವತ್ತು ಲಕ್ಷಕ್ಕೂ ಮಿಕ್ಕ ಜರ್ಮನರು ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ವಲಸೆ ಹೋದರು. ಅವರ ಸಂತತಿಯವರು ತಮ್ಮ ಮೂಲಪುರುಷನ ಗ್ರಾಮವನ್ನೂ ಬಂಧುವರ್ಗವನ್ನೂ ಅರಸುವುದು ಈಗ ಒಂದು ದೊಡ್ಡ ಉದ್ಯೋಗವೇ ಆಗಿದೆ. ಈ ಶೋಧನೆಯಲ್ಲಿ ಕುಟುಂಬಪತ್ರಗಳಿಗೆ ಎಷ್ಟು ಪ್ರಾಮಾಣ್ಯ ಸಲ್ಲಬೇಕೆಂಬುದನ್ನು, ಹೆಲ್ಬಿಷ್, ಕಾಂಫ್‌ಹೋಫ್ನರ್ ಮತ್ತು ಸೊಮ್ಮರ್ ಎಂಬ ಮೂವರು ವಿದ್ವಾಂಸರು 1988ರಲ್ಲಿ ಸಂಪಾದಿಸಿದ ‘ಬ್ರೀಫೆ ಆಸ್ ಅಮೇರಿಕಾ’, ಎಂದರೆ ‘ಅಮೆರಿಕದಿಂದ ಬಂದ ಪತ್ರಗಳು’ ಎಂಬ ಸಂಕಲನದ ಆಧಾರದಿಂದ ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ದಾಖಲೆಗಳ ಮಿತಿಯನ್ನು ನೋಡೋಣ. ಅಮೆರಿಕದ ಜನಗಣತಿಯಲ್ಲಿ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರೂ ಮೊದಲು ಕಾಣಿಸುವುದು 1850ರಲ್ಲಿ. ಆದರೆ ಜನ್ಮಸ್ಥಳದ ಅಂಕಣದಲ್ಲಿ ಸಾಮಾನ್ಯವಾಗಿ ಪ್ರಷ್ಯ, ಬವೇರಿಯ, ಹ್ಯಾನೋವರ್ ಎಂದಿಷ್ಟೇ ಇರುತ್ತದೆ. ಗ್ರಾಮದ ಸುಳಿವು ದೊರೆಯುವುದಿಲ್ಲ. ಹ್ಯಾಂಬುರ್ಗ್ ಬಂದರಿನ 1850ರಿಂದ 1934ರ ವರೆಗಿನ ಪ್ರಯಾಣಿಕರ ಪಟ್ಟಿಗಳು ಬಹುಮಟ್ಟಿಗೆ ಉಳಿದುಬಂದಿವೆ. ಅಷ್ಟೇ ಮುಖ್ಯವಾದ ಬ್ರೆಮೆನ್ ಬಂದರಿನ ಹಳೆಯ ಪಟ್ಟಿಗಳನ್ನಾದರೋ ಸ್ಥಳಾಭಾವದಿಂದ ಅಧಿಕಾರಿಗಳೇ ನಾಶಪಡಿಸಿದರು. ಮುಂದಿನವುಗಳಲ್ಲಿ ಬಹುಭಾಗ ಎರಡನೆಯ ಮಹಾಯುದ್ಧದಲ್ಲಿ ಹಾಳಾಯಿತು. ಹೀಗಾಗಿ ಬ್ರೆಮೆನ್ನಿನಿಂದ ಹಡಗು ಹತ್ತಿದವನ ಊರನ್ನು ತಿಳಿಯಲು ಮನೆಯ ಪೆಟ್ಟಿಗೆಯಲ್ಲುಳಿದ ಒಂದು ಪತ್ರವೇ ಎಷ್ಟೋ ವೇಳೆ ಏಕೈಕ ದಾರಿಯಾಗುತ್ತದೆ.

ಪತ್ರದಲ್ಲಿ ಬರೆದುದೆಲ್ಲವೂ ಸತ್ಯವೆ? ವಲಸೆಗಾರನ ಪತ್ರವು ಅನೇಕ ವೇಳೆ ಒಬ್ಬನಿಗಾಗಿ ಬರೆದುದಲ್ಲ. ಬಂಧುಗಳೂ ನೆರೆಹೊರೆಯವರೂ ಅದನ್ನು ಓದಿಸಿ ಕೇಳುತ್ತಿದ್ದರು. ತಂದೆಯ ಮಾತನ್ನು ಮೀರಿ ಹೊರಟುಬಂದವನು ತನ್ನ ಸೋಲನ್ನು ಅಂಥ ಸಭೆಯ ಮುಂದೆ ಸುಲಭವಾಗಿ ಒಪ್ಪಿಕೊಳ್ಳಲಾರನು. ಈ ಅಪಾಯವನ್ನು ಸಂಪಾದಕರು ಚೆನ್ನಾಗಿ ಅರಿತಿದ್ದಾರೆ. ಪತ್ರಗಳ ಹೇಳಿಕೆಗಳನ್ನು ಚರ್ಚಿನ ವಹಿ, ಜನಗಣತಿ ಮೊದಲಾದ ದಾಖಲೆಗಳೊಡನೆ ಹೋಲಿಸಿರುವುದೂ, ಬರೆದವರ ಕಾಗುಣಿತದ ತಪ್ಪುಗಳನ್ನು ತಿದ್ದದೆ ಉಳಿಸಿರುವುದೂ ಈ ಗ್ರಂಥದ ದೊಡ್ಡ ಗುಣಗಳು. ಏಕೆಂದರೆ ತಪ್ಪಾದ ಅಕ್ಷರವೂ ಬರೆದವನ ಶಿಕ್ಷಣಕ್ಕೂ ಆಡುಮಾತಿಗೂ ಸಾಕ್ಷಿಯಾಗಬಲ್ಲುದು.

ಆದರೂ ಒಂದು ಕೊರತೆಯನ್ನು ಹೇಳದೆ ಇರಲಾಗದು. ಈ ಸಂಕಲನದಲ್ಲಿ ನಮಗೆ ಕೇಳಿಬರುವುದು ಬಹುಮಟ್ಟಿಗೆ ಒಂದು ಪಕ್ಷದ ಮಾತು. ಹೋದವನು ಬರೆದುದು ಜರ್ಮನಿಯಲ್ಲಿ ಉಳಿಯಿತು. ಉಳಿದವರು ಬರೆದುದು ಕಡಲಾಚೆ ಚದುರಿತು. ಅಮೆರಿಕದ ಮರಿಮಗನಿಗೆ ತನ್ನ ಪೂರ್ವಜನ ಕೈಬರಹ ಬೇಕಾದರೆ, ತಾನು ಕಂಡರಿಯದ ಇನ್ನೊಂದು ಶಾಖೆಯ ಮನೆಯಲ್ಲಿ ಅದನ್ನು ಹುಡುಕಬೇಕು. ದೊರೆತರೂ ಹಳೆಯ ಕುರೆಂಟ್ ಲಿಪಿಯನ್ನು ಕಲಿಯದೆ ಓದಲಾರನು. ಇನ್ನು ಬರೆಯಲು ಬಾರದವರೂ, ಬರೆಯುವುದನ್ನೇ ನಿಲ್ಲಿಸಿದವರೂ ಯಾವ ಸಂಕಲನದಲ್ಲಿಯೂ ಇಲ್ಲ. ಅವರ ಮೌನವನ್ನು ಪತ್ರಗಳಿಂದ ತುಂಬಲಾಗದು. ಅಲ್ಲಿ ಜನನ, ವಿವಾಹ, ಮರಣಗಳ ಶುಷ್ಕವಾದ ನಮೂದುಗಳೇ ಗತಿ.

ಆ ನಮೂದುಗಳೂ ನಿರಪಾಯವಾದುವಲ್ಲ. ಯೋಹಾನ್ ಎಂದು ದೀಕ್ಷಾಸ್ನಾನ ಪಡೆದವನನ್ನು ಎರಡನೆಯ ಹೆಸರಿನಿಂದಲೇ ಕರೆಯುವುದು ವಾಡಿಕೆಯಾಗಿತ್ತು. ವೆಸ್ಟ್‌ಫಾಲಿಯದಲ್ಲಿ ಹೊಲಮನೆಯ ಉತ್ತರಾಧಿಕಾರಿಣಿಯನ್ನು ವರಿಸಿದವನು ಆ ಹೊಲಮನೆಯ ಹೆಸರನ್ನೇ ಧರಿಸುತ್ತಿದ್ದುದುಂಟು. ಇದನ್ನರಿಯದೆ, ಹೆಸರು ಕೂಡಿತೆಂಬ ಮಾತ್ರಕ್ಕೆ ತಂದೆಮಕ್ಕಳ ಸಂಬಂಧವನ್ನು ಕಲ್ಪಿಸುವುದು ಹವ್ಯಾಸಿಗಳ ಸಾಮಾನ್ಯ ದೋಷ. ರಾಜರ ಶಾಸನದಲ್ಲಿರುವ ವಂಶಾವಳಿಯನ್ನೇ ಪರೀಕ್ಷಿಸದೆ ಒಪ್ಪದ ನಾವು, ರೈತನ ವಂಶಾವಳಿಗೆ ಬೇರೊಂದು ನ್ಯಾಯವನ್ನು ಅನ್ವಯಿಸಬೇಕಾದ ಕಾರಣವಿಲ್ಲ.

ವಂಶಶೋಧನೆಯನ್ನು ನಿರಪರಾಧಿಯಾದ ವಿನೋದವೆಂದು ಭಾವಿಸುವವರು 1933ನ್ನು ನೆನೆಯಬೇಕು. ಆ ವರ್ಷದ ಏಪ್ರಿಲ್ಲಿನಲ್ಲಿ ನಾಜಿ ಸರ್ಕಾರವು ಸರ್ಕಾರಿ ನೌಕರರ ‘ಆರ್ಯ’ ಮೂಲವನ್ನು ಪ್ರಶ್ನಿಸುವ ಕಾನೂನನ್ನು ತಂದಿತು. ಅಜ್ಜ ಅಜ್ಜಿಯರ ದೀಕ್ಷಾಸ್ನಾನದ ಪ್ರಮಾಣಪತ್ರಕ್ಕಾಗಿ ಜನರು ಚರ್ಚುಗಳಿಗೆ ಮುಗಿಬಿದ್ದರು. ಯೆಹೂದ್ಯ ಮೂಲದವರ ಉದ್ಯೋಗವನ್ನೂ ಹಕ್ಕುಗಳನ್ನೂ ಕಸಿಯಲು ಅವೇ ವಹಿಗಳು ಸಾಧನವಾದುವು. ಇಂದು ಅಮೆರಿಕದ ಮರಿಮಗನು ಹರ್ಷದಿಂದ ತೆರೆಯುವ ಪುಟವು ಅಂದು ಮತ್ತೊಬ್ಬನನ್ನು ಹೊರದೂಡಲು ತೆರೆದ ಪುಟವೂ ಆಗಿರಬಹುದು.

ಆದುದರಿಂದ ನಮ್ಮ ನಿರ್ಣಯವಿಷ್ಟು: ದಾಖಲೆಯು ವ್ಯಕ್ತಿಯನ್ನು ಗುರುತಿಸುತ್ತದೆ, ಪತ್ರವು ಅವನನ್ನು ಮಾತನಾಡಿಸುತ್ತದೆ, ಒಂದನ್ನು ಇನ್ನೊಂದರಿಂದ ತಿದ್ದದೆ ಎರಡರಲ್ಲಿ ಯಾವುದನ್ನೂ ನಂಬಲಾಗದು. ಈ ಪರಸ್ಪರ ಪರೀಕ್ಷೆಯ ಮಾದರಿಯನ್ನು ತೋರಿಸಿಕೊಟ್ಟಿರುವುದರಿಂದ ಈ ಸಂಕಲನವು ಇತಿಹಾಸದ ವಿದ್ಯಾರ್ಥಿಗಳಿಗೆ ಆದರಣೀಯವಾಗಿದೆ. ಪೂರ್ವಜನನ್ನು ಅರಸುವವನು ಹೆಮ್ಮೆಯನ್ನಲ್ಲ, ಒಬ್ಬ ಸಾಮಾನ್ಯ ಮನುಷ್ಯನನ್ನು ಅರಸಿದರೆ ಮಾತ್ರ ಅವನ ಶ್ರಮವು ಇತಿಹಾಸವೆನಿಸಿಕೊಳ್ಳುತ್ತದೆ.