ಅದ್ಭುತವಾವುದು, ವಾಸ್ತವವಾವುದು?

ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡ ವಾಚಕರ ಮಾತುಕತೆಯಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ (1979) ವಾಸ್ತವವೆಂದೂ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಅದ್ಭುತವೆಂದೂ ಎಣಿಕೆಯಾಗುವುದುಂಟು. ಮುಂಬಯಿಯ ಕಛೇರಿ ನಮಗೆ ಪರಿಚಿತವಾಗಿರುವುದೇ ಇದಕ್ಕೆ ಕಾರಣ.

ಆದರೆ ಕರ್ವಾಲೊ ಅರಸಿಹೊರಡುವ ಹಾರುವ ಓತಿ ಸಹ್ಯಾದ್ರಿಯಲ್ಲಿ ನಿಜವಾಗಿಯೂ ಉಂಟು. ಪಕ್ಕೆಯ ಚರ್ಮವನ್ನು ರೆಕ್ಕೆಯಂತೆ ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ನಾಗಪ್ಪನನ್ನು ಬೆನ್ನಟ್ಟುವ ಭಯದಲ್ಲಾದರೋ ಹೊರಗಿನ ಸಂಚೆಷ್ಟು, ಅವನ ಮನಸ್ಸೇ ನೆಯ್ದುದೆಷ್ಟು ಎಂದು ಗೆರೆಯೆಳೆಯುವುದು ಕಷ್ಟ. ಅದ್ಭುತದ ಅಂಶ ಅಲ್ಲಿಯೂ ಕಡಮೆಯಿಲ್ಲ.

ಹೀಗಾಗಿ ಈ ವಿಂಗಡಣೆಯಿಂದ ತಿಳಿದುಬರುವುದು ಕೃತಿಗಳ ಸ್ವರೂಪಕ್ಕಿಂತ ಹೆಚ್ಚಾಗಿ ನಮ್ಮ ಸ್ಥಿತಿಯೇ. ಘಟ್ಟವನ್ನು ಬಿಟ್ಟು ಬಂದ ನಮಗೆ ನಗರದ ಭೀತಿ ದಿನಚರಿಯಾಗಿದೆ. ಹುಟ್ಟಿದೂರಿನ ಕಾಡು ಕಟ್ಟುಕಥೆಯಾಗಿದೆ. ವಿಮರ್ಶಕನು ಮೊದಲು ತನ್ನ ಈ ಅಭ್ಯಾಸವನ್ನೇ ಪರೀಕ್ಷಿಸತಕ್ಕದ್ದು.