ಬಾಬಾಬುಡನ್‌ಗಿರಿ ಕಾಫಿ: ಮಣ್ಣಿಗೆ ಹೆಚ್ಚಾದ ಹೊಗಳಿಕೆ

2019ರ ಮಾರ್ಚ್‌ನಲ್ಲಿ ನಮ್ಮ ದೇಶದ ಐದು ಕಾಫಿಗಳಿಗೆ ಒಟ್ಟಿಗೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಕೊಡಗು, ವಯನಾಡು, ಅರಕು ಕಣಿವೆಗಳಿಗೆ ಒಂದೊಂದು, ಚಿಕ್ಕಮಗಳೂರು ಜಿಲ್ಲೆಯೊಂದಕ್ಕೇ ಎರಡು: ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ. ಗಿರಿಯ ಕಾಫಿಯನ್ನು ಆಗ ವರ್ಣಿಸಿದ್ದು ಹೀಗೆ: ಎತ್ತರದಲ್ಲಿ ಬೆಳೆದು ಹಿತವಾದ ಹವೆಯಲ್ಲಿ ನಿಧಾನವಾಗಿ ಹಣ್ಣಾಗುತ್ತದೆ, ಕೈಯಿಂದ ಆರಿಸಿ ಕುಯ್ಯುತ್ತಾರೆ, ಕುಡಿದರೆ ಬಾಯಿ ತುಂಬುತ್ತದೆ, ಸ್ವಲ್ಪ ಹುಳಿ, ಘಮದಲ್ಲಿ ಚಾಕೊಲೇಟಿನ ಎಳೆ. ವ್ಯಾಪಾರದ ಬಾಯಿಗೆ ಬಿದ್ದ ಮೇಲೆ ಈ ವರ್ಣನೆಗೆ ಕೆಮ್ಮಣ್ಣಿನ ಮಹಿಮೆಯೂ ಸೇರಿಕೊಂಡಿದೆ. ಸಂತ ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದರೆನ್ನುವ ಕಥೆ ಇದ್ದೇ ಇದೆ. ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಬಯಲಲ್ಲಿ ಕೂತು ನೋಡುವವನಿಗೆ ಈ ಮಾತುಗಳಲ್ಲಿ ಒಂದು ಪೂರಾ ನಿಜ, ಒಂದು ಅರೆ ನಿಜ ಅನ್ನಿಸುತ್ತದೆ. ಇನ್ನೊಂದನ್ನು ಬಾಯಿಮಾತಿಗೆ ಹೇಳಿ ಬಿಟ್ಟಂತಿದೆ.

ಪೂರಾ ನಿಜವೆಂದರೆ ನಿಧಾನ. ಸಾವಿರ ಮೀಟರ್ ಮೇಲೇರಿದರೆ ಹವೆ ಸುಮಾರು ಆರು ಡಿಗ್ರಿ ತಣ್ಣಗಾಗುತ್ತದೆ. ಇದೇ ಸಾಲಿನ ಮುಳ್ಳಯ್ಯನಗಿರಿಯ ತುದಿ 1,900 ಮೀಟರ್ ದಾಟುತ್ತದೆ. ಅರೇಬಿಕಾಕ್ಕೆ ಒಗ್ಗುವುದು ಅದರ ಕೆಳಗೆ, 1,000ದಿಂದ 1,500 ಮೀಟರ್ ನಡುವಿನ ಇಳಿಜಾರು. ಮಾರ್ಚ್–ಏಪ್ರಿಲ್‌ನ ಹೂಮಳೆಗೆ ಗಿಡ ಅರಳಿದರೆ ಹಣ್ಣು ಕೆಂಪಾಗುವುದಕ್ಕೆ ಎಂಟೊಂಬತ್ತು ತಿಂಗಳು ಬೇಕು. ಸೆಕೆಯ ಜಾಗದಲ್ಲಿ ಒಳಗಿನ ಬೀಜ ತುಂಬಿಕೊಳ್ಳುವ ಮೊದಲೇ ಸಿಪ್ಪೆಗೆ ಬಣ್ಣ ಬಂದುಬಿಡುತ್ತದೆ. ತಂಪಿನಲ್ಲಿ ಹಾಗಾಗುವುದಿಲ್ಲ, ಬೀಜ ಗಟ್ಟಿಯಾಗಿ, ತೂಕವಾಗಿ, ಸಕ್ಕರೆಯಂಶ ಕೂಡಿಸಿಕೊಂಡು ಬಲಿಯುತ್ತದೆ. ಸಣ್ಣ ಉರಿಯಲ್ಲಿ ಕೆನೆಗಟ್ಟಿದ ಹಾಲಿಗೂ ದೊಡ್ಡ ಉರಿಯಲ್ಲಿ ಉಕ್ಕಿಸಿದ ಹಾಲಿಗೂ ಇರುವ ವ್ಯತ್ಯಾಸವೇ ಇದು. ಆ ಸಕ್ಕರೆ ಮುಂದೆ ಬಾಣಲೆಯ ಬಿಸಿಗೆ ಘಮವಾಗುತ್ತದೆ. ಹುಳಿ ಎಂದಾಕ್ಷಣ ಮುಖ ಕಿವುಚಬೇಕಿಲ್ಲ. ಅದು ಕಿತ್ತಳೆಯ ಹುಳಿಯ ಜಾತಿ, ಒಳ್ಳೆಯ ಕಾಫಿಗೆ ಜೀವ ಕೊಡುವುದೇ ಅದು.

ಈ ತಂಪು ಬೆಟ್ಟ ಒಂದೇ ಕೊಟ್ಟದ್ದಲ್ಲ. ಇಲ್ಲಿನ ತೋಟಗಳಲ್ಲಿ ಕೆಳಗೆ ಹಾಲುವಾಣ, ಮೇಲೆ ಅತ್ತಿ, ಹಲಸು, ಕಾಡುಮರ ಹೀಗೆ ಎರಡು ಅಂತಸ್ತಿನ ನೆರಳಿರುತ್ತದೆ. ನೆರಳೂ ಹಣ್ಣಾಗುವುದನ್ನು ತಡಮಾಡುತ್ತದೆ, ಎತ್ತರ ಮಾಡುವ ಕೆಲಸವನ್ನೇ ಮಾಡುತ್ತದೆ. ಕಾಡುಮರ ಕಡಿದು ಬರೀ ಸಿಲ್ವರ್ ಓಕ್ ನಿಲ್ಲಿಸಿದ ತೋಟದ ನೆರಳು ತೆಳು. ಎರಡೂ ತೋಟ ಒಂದೇ ಗಿರಿಯಲ್ಲಿದ್ದರೂ ಕಾಫಿ ಒಂದೇ ಆಗಬೇಕೆಂದಿಲ್ಲ. ಜಿಐ ಪಟ್ಟಿ ಗಿರಿಯ ಗಡಿ ಗುರುತಿಸುತ್ತದೆ, ನೆರಳನ್ನು ಅಳೆಯುವುದಿಲ್ಲ.

ಅರೆ ನಿಜವೆಂದರೆ ಮಣ್ಣು. ಅದರ ವಿಷಯದಲ್ಲಿ ನನ್ನ ತಕರಾರು ಇನ್ನೂ ಜೋರು. ಗಿರಿಯ ಮಣ್ಣು ಕೆಂಪು, ಅದರಲ್ಲಿ ಕಬ್ಬಿಣವಿದೆ, ಆದ್ದರಿಂದ ರುಚಿ ಎಂದು ಹೇಳುವವರಿದ್ದಾರೆ. ಕಬ್ಬಿಣ ಇರುವುದು ಸುಳ್ಳಲ್ಲ. 1923ರಲ್ಲಿ ಶುರುವಾದ ಭದ್ರಾವತಿಯ ಕಾರ್ಖಾನೆಗೆ ಇದೇ ಸಾಲಿನ ಕೆಮ್ಮಣ್ಣುಗುಂಡಿಯಿಂದ ಅದಿರು ರೋಪ್‌ವೇ ಮೇಲೆ ಇಳಿದು ಹೋಗುತ್ತಿತ್ತು. ಆದರೆ ಕಬ್ಬಿಣವೇ ರುಚಿಯಾಗುವುದಾದರೆ ಅದಿರಿನ ಊರು ಸಂಡೂರು ಎಂದೋ ಕಾಫಿಗೆ ಹೆಸರಾಗಬೇಕಿತ್ತು. ನಮ್ಮ ಜಗಳೂರಿನ ಮಸಾರಿ ಹೊಲವೂ ಕೆಂಪೇ, ಅಲ್ಲಿ ಬರುವುದು ಮೆಕ್ಕೆಜೋಳ ಮತ್ತು ಶೇಂಗಾ. ಗಿಡ ಬೇರಿನಿಂದ ಮಣ್ಣಿನ ರುಚಿಯನ್ನು ಎತ್ತಿ ತಂದು ಬೀಜದಲ್ಲಿ ಇಡುವುದಿಲ್ಲ. ಮಣ್ಣು ಮಾಡುವ ಉಪಕಾರ ಬೇರೆ ತರಹದ್ದು. ಅದು ಆಳವಾಗಿದ್ದರೆ ಬೇರು ಇಳಿಯುತ್ತದೆ, ಸಡಿಲವಾಗಿದ್ದರೆ ಮಲೆನಾಡಿನ ಮಳೆ ನಿಲ್ಲದೆ ಬಸಿದುಹೋಗುತ್ತದೆ, ಮೇಲೆ ಕೊಳೆತ ಎಲೆ ಹಾಸಿದ್ದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ. ತುಸು ಆಮ್ಲದ ಮಣ್ಣಾದರೆ ಕಾಫಿಗೆ ಸಲೀಸು. ಇಷ್ಟೆಲ್ಲ ಇದ್ದರೆ ಗಿಡ ದಣಿಯದೆ ಕಾಯಿ ತುಂಬಿಸುತ್ತದೆ. ಇದರಲ್ಲಿ ಬಣ್ಣದ ಪಾತ್ರ ಏನೂ ಇಲ್ಲ. ಮಸಾರಿಗೂ ತೋಟದ ಮಣ್ಣಿಗೂ ಇರುವ ಅಂತರ ಎಂದರೆ ಮರದ ಎಲೆ ಮತ್ತು ಮಳೆ. ಜಗಳೂರಿನ ವಾಡಿಕೆ ಮಳೆ ಆರುನೂರು ಮಿಲಿಮೀಟರ್ ಮುಟ್ಟುವುದಿಲ್ಲ. ಅರೇಬಿಕಾಕ್ಕೆ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಬೇಕೆನ್ನುತ್ತಾರೆ. ಪಶ್ಚಿಮದ ಮೋಡ ಮಲೆನಾಡಿನ ಗುಡ್ಡಗಳ ಮೇಲೆ ಸುರಿದು ಹಗುರಾದ ಮೇಲೆ ನಮ್ಮ ಕಡೆ ಬರುತ್ತದೆ. ಇಷ್ಟು ಹೇಳಿದ ಮೇಲೂ ಒಂದು ಎಡವಟ್ಟು ಉಳಿಯುತ್ತದೆ. ಬಾಬಾಬುಡನ್ ಬೀಜ ತಂದರೆನ್ನುವ ಯೆಮೆನ್‌ನಲ್ಲಿ ಮಳೆಯೂ ಕಡಿಮೆ, ಕಾಡೂ ಇಲ್ಲ. ಒಣ ಬೆಟ್ಟದ ಮೆಟ್ಟಿಲು ಹೊಲಗಳಲ್ಲಿ ಬೆಳೆದ ಮೋಕಾ ಕಾಫಿಗೆ ಜಗತ್ತೇ ಮರುಳಾಗಿತ್ತು. ಅಲ್ಲಿಗೂ ಇಲ್ಲಿಗೂ ಸಮನಾಗಿ ಇರುವುದು ಎತ್ತರದ ತಂಪು, ಮಣ್ಣಲ್ಲ.

ತಳಿಯ ಮಾತನ್ನೂ ವರ್ಣನೆ ನುಂಗಿಕೊಂಡಿದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆದದ್ದೇ ಎಲೆತುಕ್ಕಿನಂಥ ಕಾಟಕ್ಕೆ ಮದ್ದು ಹುಡುಕಲು. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್.795 ಇಂದಿಗೂ ರುಚಿಗೆ ಹೆಸರಾದ ತಳಿ. ಆಮೇಲೆ ಬಂದ ಕಾವೇರಿ ಗಿಡ್ಡ ಗಿಡ, ಬೇರೆ ಗುಣ. ‘ಅರೇಬಿಕಾ’ ಎಂಬ ಒಂದೇ ಮಾತಿನ ಕೆಳಗೆ ಇವೆರಡನ್ನೂ ಕೂರಿಸಿ ಗಿರಿಯ ರುಚಿ ಇದು ಎಂದರೆ ಯಾವ ರುಚಿ ಎಂದು ಕೇಳಬೇಕಾಗುತ್ತದೆ. ಜಿಲ್ಲೆಗೊಂದು, ಜಿಲ್ಲೆಯ ನಡುವಿನ ಗಿರಿಗೊಂದು ಎಂದು ಎರಡು ಮಾನ್ಯತೆ ಕೊಟ್ಟದ್ದರಲ್ಲೂ ಇದೇ ಗೊಂದಲವಿದೆ. ಎರಡು ಲೋಟ ಮುಂದಿಟ್ಟರೆ ಗೆರೆ ಎಲ್ಲಿದೆ ಎಂದು ಗುರುತಿಸುವ ನಾಲಿಗೆ ಅಪರೂಪ.

ಬಾಯಿಮಾತಿಗೆ ಹೇಳಿ ಬಿಟ್ಟದ್ದು ಕುಯ್ಲು. ಒಂದೇ ರೆಂಬೆಯಲ್ಲಿ ಹಣ್ಣು, ದೋರೆಗಾಯಿ, ಹಸಿರು ಕಾಯಿ ಒಟ್ಟಿಗಿರುತ್ತವೆ. ಕೆಂಪಾದದ್ದನ್ನು ಮಾತ್ರ ಬಿಡಿಸಿ, ಕೆಲವು ವಾರ ಬಿಟ್ಟು ಮತ್ತೆ ಅದೇ ಗಿಡಕ್ಕೆ ಬರಬೇಕು. ಅದೇ ದಿನ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಆಗಬೇಕು, ತೊಟ್ಟಿಯಲ್ಲಿ ಲೋಳೆ ಹದವಾಗಿ ಬಿಡಬೇಕು, ಕಣದಲ್ಲಿ ಪಾರ್ಚ್‌ಮೆಂಟ್ (ತೆಳು ಹೊಟ್ಟಿನೊಳಗಿನ ಬೀಜ) ಕೈಯಾಡಿಸುತ್ತ ಒಣಗಿಸಬೇಕು. ಒಂದು ರಾತ್ರಿ ತಡವಾದರೂ ಎಂಟೊಂಬತ್ತು ತಿಂಗಳ ತಂಪು ಹುಳಿತು ಹೋಗುತ್ತದೆ. ಈ ಕೆಲಸಕ್ಕೆ ಬರುವವರಲ್ಲಿ ನಮ್ಮ ಸೀಮೆಯವರೂ ಇದ್ದಾರೆ. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಊರುಗಳಿಂದ ಜನ ಕಾಫಿ ಸೀಮೆಗೆ ಗುಳೆ ಹೋಗುವುದು ಹಳೆಯ ರೂಢಿ. ಕೂಲಿ ಕೆ.ಜಿ. ಲೆಕ್ಕವಾದರೆ ಕೈ ಸಹಜವಾಗಿಯೇ ಅವಸರಪಡುತ್ತದೆ, ರೆಂಬೆ ಸವರಿದಾಗ ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ. ಬೆಟ್ಟ ಸಾವಕಾಶವಾಗಿ ಮಾಡಿದ್ದನ್ನು ಕೂಲಿಯ ಲೆಕ್ಕ ಒಂದು ಮಧ್ಯಾಹ್ನದಲ್ಲಿ ಕೆಡಿಸಬಲ್ಲದು.

ಬೆಟ್ಟದ ರುಚಿ ಅಳಿಸಲಾಗದ ಗುರುತೇನಲ್ಲ ಎನ್ನುವುದಕ್ಕೆ ಮಾನ್ಸೂನ್ಡ್ ಮಲಬಾರ್ ಸಾಕ್ಷಿ. ಅದೂ ಜಿಐ ಪಡೆದ ಕಾಫಿಯೇ. ಕರಾವಳಿಯ ಗೋದಾಮಿನಲ್ಲಿ ಮಳೆಗಾಲದ ಗಾಳಿಗೆ ಬೀಜ ಹರವಿದರೆ ಅದು ಉಬ್ಬಿ, ಬಿಳಿಚಿಕೊಂಡು, ಹುಳಿ ಕಳೆದುಕೊಳ್ಳುತ್ತದೆ. ಬೆಳೆದದ್ದು ಬೆಟ್ಟದಲ್ಲಾದರೂ ರುಚಿ ಸಮುದ್ರದ್ದು.

ಕೊನೆಗೆ ನಮ್ಮ ಲೋಟ. ಕಪ್ಪಗೆ ಹುರಿದರೆ ಹುಳಿ ಸುಟ್ಟುಹೋಗುತ್ತದೆ, ಚಾಕೊಲೇಟ್ ಎನ್ನುವ ಘಮದಲ್ಲೂ ಬಹುಪಾಲು ಹುರಿಯುವಾಗ ಹುಟ್ಟಿದ್ದು. ಅದಕ್ಕೆ ಚಿಕೋರಿ ಸೇರುತ್ತದೆ. ನೂರರಲ್ಲಿ ನಲವತ್ತೊಂಬತ್ತು ಭಾಗದವರೆಗೂ ಕಾನೂನಿನ ಒಪ್ಪಿಗೆಯಿದೆ. ಮೇಲೆ ಹಾಲು, ಸಕ್ಕರೆ. ಈ ಕಾಫಿ ನನಗೆ ಇಷ್ಟವೇ, ಬೆಳಗ್ಗೆ ಬೇಕೇ ಬೇಕು. ಆದರೆ ಅದಕ್ಕೆ ಗಿರಿಯ ಹೆಸರು ಹಾಕಿ ಹೆಚ್ಚು ಕಾಸು ಕೇಳಿದರೆ ಕೊಡಲಾರೆ. ಪೊಟ್ಟಣದ ಮೇಲೆ ಬೆಟ್ಟದ ಚಿತ್ರದ ಬದಲು ತಳಿ, ತೋಟದ ಎತ್ತರ, ಕುಯ್ದ ವರ್ಷ, ಹುರಿದ ತಾರೀಖು ಬರೆಯಲಿ. ಕುಯ್ದವರಿಗೆ ಏನು ಕೂಲಿ ಕೊಟ್ಟರೆಂದೂ ಬರೆದರೆ ಸೊಕ್ಕೆಯಲ್ಲಿ ಓದುವವರಿದ್ದಾರೆ.